ಮರಳುಗಾಡಿನ ಕೋಟೆಯಲ್ಲಿ ಪಸೆ

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಾರೆ. ಎರಚಲು ಹೊಡೆಯಬಾರದು ಅಂತ. ಅಷ್ಟು ಮಾಡಿದರೂ ಆಗಸ್ಟ್ ಹೊತ್ತಿಗೆ ಗೋಡೆ ಬುಡದಲ್ಲಿ ಪಸೆ ಏರಿರುತ್ತೆ. ಅದೇ ಪಸೆಯನ್ನು ಜೈಸಲ್ಮೇರ್ ಕೋಟೆಯೊಳಗೆ ನೋಡುತ್ತೇನೆ ಅಂತ ನಾನು ಎಣಿಸಿರಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಅಮ್ಮನನ್ನು ಕರ್ಕೊಂಡು ಹೋಗಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ, ಅಲ್ಲಿ ಸಾಮಾನ್ಯವಾಗಿ 200ರ ಆಸುಪಾಸು ಅಷ್ಟೇ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ. 99 ಬುರುಜು, ಎಲ್ಲಾ ಹಳದಿ ಕಲ್ಲು. ಸಂಜೆ ಬಿಸಿಲಿಗೆ ಹಣ್ಣಡಿಕೆ ಬಣ್ಣಕ್ಕೆ ತಿರುಗಿತು. ನಮ್ಮ ಕವಲೇದುರ್ಗ ಕೋಟೆಯಲ್ಲಿ ಮನೆಗಳ ಅಡಿಪಾಯ ಅಷ್ಟೇ ಉಳಿದಿದೆ, ಅಲ್ವಾ? ಇಲ್ಲಿ ಇವತ್ತಿಗೂ ಸಾವಿರಾರು ಜನ ಒಳಗೇ ಸಂಸಾರ ಮಾಡ್ತಾರೆ. ಮಹಡಿ ಮೇಲೆ ಬಟ್ಟೆ ಒಣಗ್ತಿತ್ತು, ಎಲ್ಲಿಂದಲೋ ಒಗ್ಗರಣೆ ಘಮ. ನನಗೆ ತುಂಬಾ ಹಿಡಿಸಿದ್ದು ಅದೇ.

ಒಂದು ಓಣಿಯಲ್ಲಿ ಅಮ್ಮ ನಿಂತುಬಿಟ್ಟಳು. ಗೋಡೆ ಬುಡ ಮೊಣಕಾಲೆತ್ತರದವರೆಗೆ ಕಪ್ಪಾಗಿತ್ತು. ಬೆರಳಿಂದ ಮುಟ್ಟಿದಳು. ಕಲ್ಲು ರವೆ ಥರ ಉದುರಿತು.

"ಇದೇನೇ, ನಮ್ಮ ಬಚ್ಚಲ ಗೋಡೆ ಹಂಗೇ ಪಸೆ ಎದ್ದಿದೆ! ಮಳೆನೇ ಇಲ್ಲ ಅಂದ್ಯಲ್ಲೇ?"

ಮಳೆ ಅಲ್ಲ, ನಲ್ಲಿ ನೀರು. ಹಿಂದೆ ಕೆಳಗಿನ ಗಡಿಸರ್ ಕೆರೆಯಿಂದ ನೀರು ಹೊತ್ತು ತರುತ್ತಿದ್ದರು. ಅಷ್ಟು ದೂರದಿಂದ ತಲೆ ಮೇಲೆ ಬಂದ ನೀರನ್ನು ಯಾರೂ ಸುಮ್ನೆ ಚೆಲ್ಲಲ್ಲ. ಆಮೇಲೆ ಪೈಪು ಬಂತು, ಪ್ರವಾಸಿಗರು ಬಂದರು, ಮನೆಗಳೇ ಹೋಟೆಲ್ ಆದವು. ಬಚ್ಚಲು, ಕಕ್ಕಸು ಹೆಚ್ಚಿದವು. ಹಳೇ ಚರಂಡಿಗಳು ಇಷ್ಟು ನೀರಿಗೆ ಅಂತ ಮಾಡಿದ್ದಲ್ಲ. ಸೋರಿದ್ದೆಲ್ಲ ಗುಡ್ಡಕ್ಕೆ ಇಳಿಯಿತು. ಆ ಗುಡ್ಡ ಗಟ್ಟಿ ಬಂಡೆ ಅಲ್ಲ. ಮರಳುಗಲ್ಲಿನ ನಡುವೆ ಜೇಡಿ ಪದರಗಳಿವೆ, ನೀರು ಕುಡಿದರೆ ಅವು ಮೆತ್ತಗಾಗುತ್ತವೆ. ಕೆಲವು ಬುರುಜುಗಳೇ ಕುಸಿದಿವೆ. 1996ರಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. 2013ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ನಮ್ಮ ರೂಮು ಕೋಟೆಯೊಳಗೇ ಇತ್ತು. ಆ ಬೆಳಿಗ್ಗೆ ನಾನು ಗೀಸರ್ ಹಾಕಿ, ಊರಿನ ಅಭ್ಯಾಸದಲ್ಲಿ ಮೂರು ಬಕೆಟ್ ಹೊಯ್ದುಕೊಂಡಿದ್ದೆ. ಅಬ್ಬಿ ನೀರು ವರ್ಷಪೂರ್ತಿ ಹರಿಯುವ ಮನೆಯಲ್ಲಿ ಬೆಳೆದವಳು, ಬಕೆಟ್ ಎಣಿಸಿದ್ದೇ ಇಲ್ಲ. ಆ ಗೋಡೆ ನೋಡಿದ ಮೇಲೆ ಅಲ್ಲಿರೋಕೆ ಮನಸ್ಸಾಗಲಿಲ್ಲ. ಮಾರನೇ ದಿನ ಕೆಳಗಿನ ಪೇಟೆಗೆ ರೂಮು ಬದಲಾಯಿಸಿದೆವು.

ಕೋಟೆಯವರು ಹೊಟ್ಟೆಪಾಡಿಗೆ ಹೋಟೆಲ್ ಮಾಡಿದ್ದಾರೆ, ಅವರನ್ನು ದೂರಲು ನನಗೆ ಬಾಯಿ ಬರಲ್ಲ. ನೀರು ಸುರಿಯೋದು ನಾವು, ಹೋಗಿ ಬರುವವರು. ಹಾಗಾಗಿ ಈ ಚಳಿಗಾಲಕ್ಕೆ ಶಿವಮೊಗ್ಗದಿಂದ ಟಿಕೆಟ್ ಮಾಡಿಸುತ್ತಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಹಗಲೆಲ್ಲ ಕೋಟೆಯಲ್ಲೇ ಇರಿ. ಜೈನ ಬಸದಿಗಳ ಕೆತ್ತನೆ ನೋಡೋಕೇ ಅರ್ಧ ದಿನ ಬೇಕು. ಅಲ್ಲೇ ಊಟ ಮಾಡಿ, ಅವರ ಅಂಗಡಿಯಲ್ಲೇ ಕೊಳ್ಳಿ, ಚೌಕಾಸಿ ಜಾಸ್ತಿ ಮಾಡಬೇಡಿ. ರಾತ್ರಿ ಮಲಗೋಕೆ, ಸ್ನಾನಕ್ಕೆ ಕೆಳಗೆ ಇಳಿದು ಬನ್ನಿ. ಕೆಳಗಿನ ಪೇಟೆಯ ಮಹಡಿಗಳ ಮೇಲಿಂದ ಕೋಟೆ ಇನ್ನೂ ಚೆನ್ನಾಗಿ ಕಾಣುತ್ತೆ. ಅಮ್ಮ ಬೆಳಗಿನ ಜಾವ ಶಾಲು ಹೊದ್ದು ಅದನ್ನೇ ನೋಡುತ್ತಾ ಕೂತಿದ್ದಳು.