ಕಂಪೈಲ್ ಮಾಡಿದವರು ಹೊರಟುಹೋದ ಮೇಲೆ

ನಿನ್ನೆ ರಾತ್ರಿ ಒಂದೂವರೆವರೆಗೂ ಒಂದು ಡೇಟಾಬೇಸ್ ಸರ್ವರ್ ಜೊತೆ ಗುದ್ದಾಡಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಪ್ಯಾಕೇಜ್ (ಸಿದ್ಧವಾಗಿ ಬರುವ ತಂತ್ರಾಂಶದ ಕಟ್ಟು) ಪಟ್ಟಿ ತೆಗೆದರೆ ಆ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ತಂತ್ರಾಂಶ ಇಲ್ಲವೇ ಇಲ್ಲ. ಆದರೆ ಓಡ್ತಾ ಇದೆ! ಯಾರೋ ಅದರ ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡು ತಾವೇ ಕಂಪೈಲ್ ಮಾಡಿ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ತಂದು, ಹೋಗಿದ್ದಾರೆ. ವರ್ಷನ್ 12.3, ಅಂದರೆ 2020ರ ಮೇ ತಿಂಗಳದ್ದು. 12ರ ಕೊನೆಯ ಬಿಡುಗಡೆ 12.22 ಬಂದದ್ದು 2024ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಬಂದ ಒಂದು ತಿದ್ದುಪಡಿಯೂ ಇದನ್ನು ಮುಟ್ಟಿಲ್ಲ. ತಪ್ಪದೆ ಅಪ್‌ಡೇಟ್ ಹಾಕ್ತಿದ್ದ ಹುಡುಗನನ್ನು ಬೈಯೋಕಾಗುತ್ತಾ? ಪ್ಯಾಕೇಜ್ ಮ್ಯಾನೇಜರ್‌ಗೆ ಲೆಕ್ಕಕ್ಕೇ ಇಲ್ಲದ್ದನ್ನು ಅದು ಹೇಗೆ ಅಪ್‌ಡೇಟ್ ಮಾಡುತ್ತೆ?

ನೆಟ್‌ವರ್ಕ್ ಮೇಲೆ ಡೇಟಾ ಗುಟ್ಟಾಗಿ ಸಾಗಿಸೋ ಎಸ್‌ಎಸ್‌ಎಲ್ ಆನ್ ಮಾಡಿದೆ, ಸರ್ವರ್ ಏಳಲೇ ಇಲ್ಲ. ಹೀಗೆ ಕಂಪೈಲ್ ಮಾಡಿದ ಪ್ರತಿಯಲ್ಲಿ ಅದು ಸೇರಿಲ್ಲವಂತೆ. ಕಮಾಂಡ್ ಟೈಪ್ ಮಾಡೋಕೆ ನೆರವಾಗೋ ರೀಡ್‌ಲೈನ್ ಸಿಗದಿದ್ದರೆ, ಕಂಪೈಲ್‌ಗೆ ಮೊದಲು ಓಡಿಸೋ ಕಾನ್ಫಿಗರ್ ಅಲ್ಲೇ ನಿಂತು ಗಲಾಟೆ ಮಾಡುತ್ತೆ. ಆದರೆ ಎಸ್‌ಎಸ್‌ಎಲ್ ಕೊಡೋ ಓಪನ್‌ಎಸ್‌ಎಸ್‌ಎಲ್ ಬೇಕು ಅಂತ ನಾವು ಕೇಳದಿದ್ದರೆ ಸೇರಿಸೋದೂ ಇಲ್ಲ, ಒಂದು ಮಾತು ಹೇಳೋದೂ ಇಲ್ಲ. ಇಷ್ಟು ವರ್ಷ ಜನರ ಡೇಟಾ ನೆಟ್‌ವರ್ಕ್ ಮೇಲೆ ಬಟಾಬಯಲಲ್ಲಿ ಓಡಾಡಿದೆ. ಸಿದ್ಧ ಪ್ಯಾಕೇಜ್ ಹಾಕಿದ್ದರೆ ಈ ಗತಿ ಬರ್ತಿರಲಿಲ್ಲ.

"ನಮ್ಮ ಸಿಪಿಯುಗೆ ತಕ್ಕ ಹಾಗೆ ಕಂಪೈಲ್ ಮಾಡಿದರೆ ವೇಗ ಜಾಸ್ತಿ" ಅಂತೀರಿ, ಸೋರ್ಸ್‌ನಿಂದ ಕಂಪೈಲ್ ಮಾಡೋರೇ. ನಾನು ನೋಡಿದ ನಿಧಾನವೆಲ್ಲ ಡಿಸ್ಕ್‌ನದು, ಲಾಕ್‌ನದು, ಇಂಡೆಕ್ಸ್ ಇಲ್ಲದ ಕ್ವೆರಿಯದು. "ಬೇರೆಯವರು ಕಂಪೈಲ್ ಮಾಡಿ ಕೊಟ್ಟ ಬೈನರಿ ನಂಬೋದು ಹೇಗೆ" ಅಂತೀರಿ. ಆ ಸೋರ್ಸನ್ನು ನೀವು ಪೂರ್ತಿ ಓದಿದ್ದೀರಾ? ನಿಮ್ಮದೇ ಪ್ಯಾಚ್ (ಕೋಡ್‌ಗೆ ತಿದ್ದುಪಡಿ) ಸೇರಿಸಲೇಬೇಕು ಅಂದರೆ ಸರಿ, ಕಂಪೈಲ್ ಮಾಡಿ. ಆದರೆ ಅದನ್ನೂ ಪ್ಯಾಕೇಜ್ ಮಾಡಿ ಹಾಕಿ, ಯಂತ್ರಕ್ಕೆ ಅದರ ಹೆಸರು ಗೊತ್ತಿರಲಿ. ಮುಂದಿನ ಮೂರು ತಿಂಗಳಿಗೆ ತಿದ್ದುಪಡಿ ಬಂದಾಗ ಮತ್ತೆ ಯಾರು ಕಂಪೈಲ್ ಮಾಡುತ್ತಾರೆ ಅನ್ನೋದನ್ನೂ ಇವತ್ತೇ ಬರೆದಿಡಿ.

ಇಷ್ಟು ಬೈಯುವಾಗ ಒಂದು ವಿಷಯ ಮುಚ್ಚಿಡೋಕಾಗಲ್ಲ. ಹಿಂದಿನ ಕೆಲಸದಲ್ಲಿ ನಾನೂ ಹೀಗೇ ಮಾಡಿದ್ದೆ. ಸಾಮಾನ್ಯವಾಗಿ 8 ಕೆಬಿ ಇರುವ ಬ್ಲಾಕ್ ಸೈಜನ್ನು (ಡಿಸ್ಕ್‌ನಲ್ಲಿ ಡೇಟಾ ಇಡೋ ತುಂಡಿನ ಗಾತ್ರ) 32 ಮಾಡಿ ಕಂಪೈಲ್ ಮಾಡಿದ್ದೆ, ಎಲ್ಲೂ ಬರೆದಿಡದೆ ಬಿಟ್ಟುಬಂದೆ. ಆ ಡೇಟಾ ಫೋಲ್ಡರನ್ನು ಸಿದ್ಧ ಪ್ಯಾಕೇಜ್‌ನ ಸರ್ವರ್ ತೆರೆಯೋದೇ ಇಲ್ಲ. ರಾತ್ರಿ ಇದು ನೆನಪಾದ ಮೇಲೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅಲ್ಲಿಗೆ ಫೋನ್ ಮಾಡಿದೆ. ಅದೇ ಸರ್ವರ್ ಇನ್ನೂ ಓಡ್ತಿದೆಯಂತೆ. ಫೈಲ್ ಕಾಪಿ ಮಾಡಿದರೆ ಆಗಲ್ಲ, ಡಂಪ್ (ಡೇಟಾವನ್ನೆಲ್ಲ ಹೊರತೆಗೆದ ಪ್ರತಿ) ತೆಗೆದೇ ಸಾಗಿಸಬೇಕು ಅಂತ ಹೇಳಿದೆ. ಶನಿವಾರ ರಾತ್ರಿಗೆ ಕೆಲಸ ಇಟ್ಟುಕೊಂಡಿದ್ದಾರೆ. ನಾನೂ ಅವರ ಜೊತೆ ಕೂರ್ತೀನಿ.