ಎಲ್‌ಎಕ್ಸ್‌ಡಿ ಇನ್ನೂ ಓಪನ್ ಸೋರ್ಸೇ: ಒಂದು ಸ್ಪಷ್ಟನೆ

ಎಲ್‌ಎಕ್ಸ್‌ಡಿ ಅಂದರೆ ಲಿನಕ್ಸ್ ಯಂತ್ರದಲ್ಲಿ ಕಂಟೇನರ್‌ಗಳನ್ನು (ಒಂದೇ ಯಂತ್ರದೊಳಗೆ ಬೇರೆ ಬೇರೆಯಾಗಿ ಓಡುವ ಪುಟ್ಟ ಲಿನಕ್ಸ್ ವ್ಯವಸ್ಥೆಗಳನ್ನು) ನಡೆಸುವ ತಂತ್ರಾಂಶ. ಇಂಕಸ್ ಅದರಿಂದಲೇ ಕವಲೊಡೆದದ್ದು. "ಎಲ್‌ಎಕ್ಸ್‌ಡಿ ಇನ್ನು ಓಪನ್ ಸೋರ್ಸ್ ಅಲ್ಲ, ಇಂಕಸ್‌ಗೆ ಹೋಗೋದಾದ್ರೆ ಕಂಟೇನರ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕು" ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ನಡೆದದ್ದು ಇಷ್ಟು. 2023ರ ಜುಲೈನಲ್ಲಿ ಉಬುಂಟು ರೂಪಿಸುವ ಕೆನಾನಿಕಲ್ ಕಂಪನಿ ಎಲ್‌ಎಕ್ಸ್‌ಡಿಯನ್ನು ಲಿನಕ್ಸ್ ಕಂಟೇನರ್ಸ್ ಸಮುದಾಯದಿಂದ ತನ್ನ ಕೈಗೆ ತೆಗೆದುಕೊಂಡಿತು. ಆಗಸ್ಟ್‌ನಲ್ಲಿ ಡೆವಲಪರ್ ಅಲೆಕ್ಸಾ ಸರಾಯ್ ಅದೇ ಕೋಡ್‌ನಿಂದ ಇಂಕಸ್ ಶುರು ಮಾಡಿದರು. ಸಮುದಾಯ ಅದನ್ನು ತನ್ನದಾಗಿಸಿಕೊಂಡಿತು. ಡಿಸೆಂಬರ್‌ನಲ್ಲಿ ಕೆನಾನಿಕಲ್ ಎಲ್‌ಎಕ್ಸ್‌ಡಿಯ ಲೈಸೆನ್ಸನ್ನು (ಕೋಡ್ ಬಳಕೆಯ ಷರತ್ತುಗಳನ್ನು) ಸಡಿಲವಾದ ಅಪಾಚೆಯಿಂದ ಎಜಿಪಿಎಲ್‌ಗೆ ಬದಲಿಸಿತು. ಗೊಂದಲ ಹುಟ್ಟಿದ್ದು ಇಲ್ಲೇ ಅನಿಸುತ್ತದೆ. ಎಜಿಪಿಎಲ್ ಕೂಡ ಓಪನ್ ಸೋರ್ಸ್ ಲೈಸೆನ್ಸೇ ಅಲ್ವಾ? ಷರತ್ತು ಮಾತ್ರ ಜಾಸ್ತಿ: ಕೋಡ್ ತಿದ್ದಿ ನೆಟ್‌ವರ್ಕ್ ಮೂಲಕ ಸೇವೆ ಕೊಟ್ಟರೆ, ಬಳಸುವವರಿಗೆ ಆ ತಿದ್ದಿದ ಕೋಡೂ ಸಿಗಬೇಕು. ಸುಮ್ನೆ ಬಳಸುವವರಿಗೆ ಏನೂ ಬದಲಾಗಿಲ್ಲ. ಇಂಕಸ್ ಅಪಾಚೆ 2.0ರಲ್ಲೇ ಉಳಿದಿದೆ. ಎಜಿಪಿಎಲ್ ಕೋಡ್ ತೆಗೆದುಕೊಂಡರೆ ಅದರ ಷರತ್ತೂ ಜೊತೆಗೆ ಬರುತ್ತದೆ, ಹಾಗಾಗಿ ಎಲ್‌ಎಕ್ಸ್‌ಡಿಯ ಹೊಸ ಕೋಡನ್ನು ಅದು ಎತ್ತಿಕೊಳ್ಳುವಂತಿಲ್ಲ. ನನಗೆ ನಿಜಕ್ಕೂ ಬೇಸರ ತರುವ ಸಂಗತಿ ಇದೇ.

ಹೊಸದಾಗಿ ಕಟ್ಟುವ ಮಾತಿಗೆ ಬಂದರೆ, ಇಂಕಸ್ ಜೊತೆಗೇ 'ಎಲ್‌ಎಕ್ಸ್‌ಡಿ-ಟು-ಇಂಕಸ್' ಎಂಬ ಸಾಧನವಿದೆ. ಕಂಟೇನರ್, ವರ್ಚುವಲ್ ಮಷೀನ್, ನೆಟ್‌ವರ್ಕ್, ಸ್ಟೋರೇಜ್ ಎಲ್ಲವನ್ನೂ ಅದೇ ಯಂತ್ರದಲ್ಲಿ ಇದ್ದಂತೆಯೇ ಇಂಕಸ್‌ಗೆ ಸಾಗಿಸುತ್ತದೆ. ಆ ಹೊತ್ತಿಗೆ ಅವು ಸ್ವಲ್ಪ ನಿಲ್ಲುತ್ತವೆ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ನಿಮ್ಮ ಎಲ್‌ಎಕ್ಸ್‌ಡಿ ಆವೃತ್ತಿಗೆ ಬೆಂಬಲವಿದೆಯೇ ನೋಡಿಕೊಳ್ಳಿ.