ಸಾಹೇಬ್ರು ಇನ್‌ಚಾರ್ಜು

ಸರ್ಕಾರ ಖರ್ಚು ಕಡಿಮೆ ಮಾಡುತ್ತದಂತೆ ಅಂತ ಪೇಪರಿನಲ್ಲಿ ಬಂದ ದಿನ ನಮ್ಮ ತುಮಕೂರಿನ ಟೀ ಅಂಗಡಿಗಳಲ್ಲಿ ಯಾರೂ ಗಾಬರಿ ಬೀಳುವುದಿಲ್ಲ. "ಯಾರ ಖರ್ಚಂತೆ?" ಅಂತ ಒಂದು ಮಾತು ಕೇಳುತ್ತಾರೆ. ಆಮೇಲೆ ಪುಟ ತಿರುವಿ ಮಂಡಿ ರೇಟು ನೋಡುತ್ತಾರೆ.

ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಪೆನ್ಷನ್ ತಗೊಳ್ಳುವ ಮೇಷ್ಟ್ರು ಗ್ಯಾರಂಟಿ ನಿಲ್ಲಿಸಲಿ ಅಂತಾರೆ. ಗೃಹಲಕ್ಷ್ಮಿಯ 2000 ರೂಪಾಯಿಗೆ ಕಾಯುವ ಅಮ್ಮ ನೌಕರರ ಸಂಬಳ ಇಳಿಸಲಿ ಅಂತಾರೆ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನಕ್ಕೆ ಶೇ. 27.5 ಸೇರಿದ್ದು ಅವರಿಗೂ ಗೊತ್ತು, ಮನೆ ಓನರ್ರು ನೌಕರರಾದರೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಗುತ್ತಿಗೆದಾರರು ಮೊದಲು ನಮ್ಮ ಬಾಕಿ ಬಿಲ್ಲು ಕೊಟ್ಟು ಆಮೇಲೆ ಏನಾದ್ರೂ ಮಾಡ್ಕೊಳ್ಲಿ ಅಂತಾರೆ. ಮೂವರೂ ಒಪ್ಪುವುದು ಒಂದೇ ವಿಷಯಕ್ಕೆ, ಶಾಸಕರ ಸಂಬಳ ಕಡಿಮೆ ಮಾಡಲಿ ಅನ್ನುವುದಕ್ಕೆ. ಅದು 2025ರ ಮಾರ್ಚ್‌ನಲ್ಲಿ ಡಬಲ್ ಆಯಿತು. ಶಾಸಕರದ್ದು 40 ಸಾವಿರದಿಂದ 80 ಸಾವಿರ, ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಅವತ್ತು ಸದನದಲ್ಲಿ ಗಲಾಟೆಯೋ ಗಲಾಟೆ, ಬಿಜೆಪಿಯ 18 ಶಾಸಕರು ಸಸ್ಪೆಂಡ್ ಆದರು, ಆ ಗದ್ದಲದಲ್ಲೇ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ನಾಲ್ಕು ಲಕ್ಷ ಕೋಟಿ ದಾಟಿದ ಬಜೆಟ್ಟಿನಲ್ಲಿ ಆ ಮೊತ್ತ ಕಣ್ಣಿಗೂ ಕಾಣಿಸುವುದಿಲ್ಲ ಬಿಡಿ. ಆದರೆ ನಾಳೆ ಅದೇ ಸದನದಿಂದ 'ಮಿತವ್ಯಯ' ಅಂತ ಮಾತು ಬಂದರೆ ಜನ ನಗದೆ ಇನ್ನೇನು ಮಾಡ್ತಾರೆ?

ದೆಹಲಿಯವರೂ ಕಮ್ಮಿ ಇಲ್ಲ. 2009ರಲ್ಲಿ ಹಣಕಾಸು ಮಂತ್ರಿ ಪ್ರಣಬ್ ಮುಖರ್ಜಿ ಎಲ್ಲರೂ ಖರ್ಚು ಇಳಿಸಿ ಅಂದರು. ವಿದೇಶಾಂಗ ಮಂತ್ರಿಯಾಗಿದ್ದ ನಮ್ಮ ಎಸ್.ಎಂ. ಕೃಷ್ಣ, ಜೊತೆಗೆ ಶಶಿ ತರೂರ್, ಇಬ್ಬರೂ ಫೈವ್ ಸ್ಟಾರ್ ಹೋಟೆಲ್ ಖಾಲಿ ಮಾಡಿದರು. ದುಡ್ಡು ನಮ್ಮದೇ ಅಂತಲೂ ಹೇಳಿದರು, ಇರಬಹುದು. ಸೋನಿಯಾ ಗಾಂಧಿ ವಿಮಾನದಲ್ಲಿ ಎಕಾನಮಿ ಸೀಟಿನಲ್ಲಿ ಕೂತರು. ರಾಹುಲ್ ಗಾಂಧಿ ಲೂಧಿಯಾನಕ್ಕೆ ಶತಾಬ್ದಿ ರೈಲು ಹತ್ತಿದರು. ತರೂರ್ ಆ ಎಕಾನಮಿ ಸೀಟನ್ನು ಟ್ವಿಟರ್‌ನಲ್ಲಿ 'ಕ್ಯಾಟಲ್ ಕ್ಲಾಸ್', ಅಂದರೆ ದನಗಳ ದರ್ಜೆ, ಅಂತ ಬರೆದು ಪೇಚಿಗೆ ಸಿಕ್ಕಿಕೊಂಡರು. ಯಾರು ಯಾವ ಸೀಟಲ್ಲಿ ಕೂತರು ಅನ್ನುವುದು ನನಗೆ ಈಗಲೂ ನೆನಪಿದೆ. ಎಷ್ಟು ಉಳಿಯಿತು ಅನ್ನುವುದು ನೆನಪಿಲ್ಲ.

ಹಾಗಂತ ಕತ್ತರಿ ಬೀಳುವುದೇ ಇಲ್ಲ ಅಂತಲ್ಲ. ತುಮಕೂರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತಲ್ಲ, ಅಲ್ಲಿ ಕೆಲಸ ಸಿಕ್ಕರೆ ಹೆಣ್ಣು ಕೊಡುವವರು ಮನೆ ಬಾಗಿಲಿಗೆ ಬರುತ್ತಿದ್ದ ಕಾಲವೊಂದಿತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಜಾಗ ಆಮೇಲೆ ಇಸ್ರೋಗೆ ಹೋಯಿತು. ನಷ್ಟದಲ್ಲಿದ್ದದ್ದು ಸುಳ್ಳಲ್ಲ. ಅದು ಹೇಳಿ ಹಾಕಿದ ಕತ್ತರಿ, ಪೇಪರಿನಲ್ಲೂ ಬಂತು. ಹೇಳದೆ ಹಾಕುವುದು ಇನ್ನೊಂದಿದೆ.

ಅದನ್ನು ನೋಡಬೇಕಂದರೆ ಯಾವುದಾದರೂ ತಾಲ್ಲೂಕಿನ ಸರ್ಕಾರಿ ಕಚೇರಿಗೆ ಹೋಗಬೇಕು. ಒಳಗೆ ಒಂದು ದೊಡ್ಡ ಕುರ್ಚಿ. ಬೆನ್ನಿಗೆ ಬಿಳಿ ಟವೆಲ್. ಮೇಲೆ ಫ್ಯಾನು ತಿರುಗುತ್ತಿರುತ್ತದೆ, ಕುರ್ಚಿ ಮಾತ್ರ ಖಾಲಿ. ಬಾಗಿಲ ಬೋರ್ಡಿನಲ್ಲಿ ಹಳೆಯ ಅಧಿಕಾರಿಯ ಹೆಸರಿನ ಮೇಲೆ ಬಿಳಿ ಹಾಳೆ ಅಂಟಿಸಿ ಹೊಸಬರ ಹೆಸರು ಬರೆದಿರುತ್ತಾರೆ, ಪಕ್ಕದಲ್ಲಿ ಸಣ್ಣಗೆ 'ಪ್ರಭಾರ', ಅಂದರೆ ಬೇರೆ ಕಡೆಯ ಕೆಲಸದ ಜೊತೆಗೆ ಇದನ್ನೂ ನೋಡಿಕೊಳ್ಳುವವರು. ಹಾಳೆಯ ಒಂದು ಮೂಲೆ ಎದ್ದು ಹಳೇ ಹೆಸರಿನ ಬಾಲ ಕಾಣಿಸುತ್ತಿರುತ್ತದೆ.

"ಸಾಹೇಬ್ರು ಇನ್‌ಚಾರ್ಜು ಸಾರ್. ಮಂಗಳವಾರ, ಶುಕ್ರವಾರ ಬರ್ತಾರೆ."

"ಇವತ್ತು ಮಂಗಳವಾರಾನೇ ಅಲ್ವೇನಪ್ಪಾ?"

"ಇವತ್ತು ವಿಸಿ ಐತೆ ಸಾರ್, ವಿಡಿಯೋ ಕಾನ್ಫರೆನ್ಸು."

ಹೇಳಿದ ಹುಡುಗನೂ ಹೊರಗುತ್ತಿಗೆಯವನು. ಅವನ ಸಂಬಳ ಏಜೆನ್ಸಿ ಕೊಡಬೇಕು, ಯಾವಾಗ ಕೊಡುತ್ತದೋ ಅವನಿಗೂ ಗೊತ್ತಿಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ. ಒಬ್ಬರು ರಿಟೈರ್ ಆದರು, ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ, ಅಷ್ಟೇ. ಭಾಷಣ ಇಲ್ಲ, ಪ್ರತಿಭಟನೆ ಇಲ್ಲ. ಲೆಕ್ಕದಲ್ಲಿ ಇದು ಉಳಿತಾಯ. ಆದರೆ ಪಹಣಿಯಲ್ಲಿ ಗಂಡನ ಹೆಸರು ತಪ್ಪಾಗಿದೆ ಅಂತ ತಿದ್ದಿಸಲು ಬಂದ ಅಜ್ಜಿ ಮೂರನೇ ಸಲ ಬಂದು, ಮೆಟ್ಟಿಲ ಮೇಲೆ ಕೂತು, ಸೆರಗಿನ ಗಂಟಿನಿಂದ ಎಲೆಅಡಿಕೆ ತೆಗೆಯುತ್ತಾರಲ್ಲ, ಅವರ ಅರ್ಧ ದಿನದ ಕೂಲಿ ಯಾವ ಲೆಕ್ಕದಲ್ಲಿ ಬರುತ್ತದೆ?

ಇಲ್ಲೊಂದು ತಮಾಷೆ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಂಥ ಓಡಾಟವೆಲ್ಲ ನಿಧಾನಕ್ಕೆ ಮನೆಯ ಹೆಂಗಸರ ಪಾಲಿಗೆ ಬಂದಿದೆ. "ನಿಂಗೆ ಬಸ್ಸು ಫ್ರೀ ತಾನೇ, ಹೋಗಿ ಕೇಳ್ಕೊಂಡು ಬಾ" ಅನ್ನುವ ಗಂಡಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಗುಮಾಸ್ತನ ಸಂಬಳ ಉಳಿಯಿತು, ಅವನಿಲ್ಲದ್ದಕ್ಕೆ ಆಕೆ ನಾಲ್ಕು ಸಲ ಬಂದಳು, ಆ ನಾಲ್ಕು ಸಲದ ಬಸ್ ಚಾರ್ಜನ್ನೂ ಸರ್ಕಾರವೇ ಕಟ್ಟಿತು. ಪಾವಗಡದ ಕಡೆಯವರ ಕಥೆಯಂತೂ ಕೇಳಲೇಬೇಡಿ. ಜಿಲ್ಲಾ ಕೇಂದ್ರ ಹತ್ತಿರ ಹತ್ತಿರ ನೂರು ಕಿಲೋಮೀಟರ್ ದೂರ, ಸಿಕ್ಕಿದ್ದು ಖಾಸಗಿ ಬಸ್ಸಾದರೆ ಅಲ್ಲಿ ಶಕ್ತಿ ನಡೆಯಲ್ಲ.

ಎಲ್ಲ ಆನ್‌ಲೈನ್ ಆಗಿದೆಯಲ್ಲ ಅಂತ ನೀವು ಕೇಳಬಹುದು. ಆಗಿದೆ. ಅದಕ್ಕೇ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ ಈಗ ಅರ್ಧ ಸರ್ಕಾರ. ಅರ್ಜಿ ತುಂಬುವವನು ಅವನೇ. ಓಟಿಪಿ ಕೇಳುವವನು ಅವನೇ. ಸರ್ವರ್ ಡೌನ್ ಅಂದರೆ ಬೈಸಿಕೊಳ್ಳುವವನೂ ಅವನೇ. ಸಾಹೇಬರು ಯಾವತ್ತು ಈ ತಾಲ್ಲೂಕಿನಲ್ಲಿ, ಯಾವತ್ತು ಪಕ್ಕದ ತಾಲ್ಲೂಕಿನಲ್ಲಿ, ಯಾವತ್ತು ವಿಸಿ, ಎಲ್ಲ ಅವನ ಬಾಯಲ್ಲೇ ಇದೆ. ಸರ್ಕಾರದಿಂದ ಒಂದು ಪೈಸೆ ಸಂಬಳವಿಲ್ಲ. ಸಂಬಳ ನಾವು ಕೊಡುತ್ತೇವೆ, ಅರ್ಜಿಗಿಷ್ಟು, ಪ್ರಿಂಟಿಗಿಷ್ಟು ಅಂತ.

ಮೊನ್ನೆ ಅವನೂ ಜೆರಾಕ್ಸಿಗೆ ಒಂದು ರೂಪಾಯಿ ಏರಿಸಿದ್ದ. ಯಾಕಪ್ಪಾ ಅಂದೆ. "ಪೇಪರ್ ರೇಟು ಜಾಸ್ತಿ ಆಗೈತೆ ಸಾರ್" ಅಂದ. ನಾನು ಅದನ್ನು ಒಂದೇ ಮಾತಿಗೆ ನಂಬಿದೆ.